ಅಪ್‌ಡೇಟ್: ರಾತ್ರಿ ಅನ್ನದ ಚಿತ್ರಾನ್ನ ತಿಂದು ವಾಂತಿ ಆಗಿದ್ದು ಯಾಕೆ ಅಂತ

ಹೋದ್ವಾರ ಕೇಳಿದ್ನಲ್ಲ, ರಾತ್ರಿ ಮಿಕ್ಕಿದ್ದ ಅನ್ನ ಕುಕ್ಕರಲ್ಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿದ್ವಿ, ತಿಂದು ಎರಡು ಗಂಟೆ ಆಗೋದ್ರೊಳಗೆ ನಂಗೂ ನಮ್ಮತ್ತೆಗೂ ವಾಂತಿ ಶುರು, ಒಗ್ಗರಣೇಲಿ ಅಷ್ಟು ಬಿಸಿ ಮಾಡಿದ್ಮೇಲೂ ಹೆಂಗೆ ಅಂತ. ಈಗ ಇಬ್ರೂ ಆರಾಮ್, ಓಆರ್‌ಎಸ್ ಕುಡ್ಕೊಂಡು ಮಾರನೇ ದಿನಕ್ಕೇ ಸರಿಹೋಯ್ತು, ಆಂಟಿಬಯಾಟಿಕ್ ಕೊಡ್ಲೇ ಇಲ್ಲ.

ಟೆಸ್ಟ್ ಮಾಡ್ಸಿಲ್ಲ, ಆದ್ರೆ ಡಾಕ್ಟ್ರು ಹೇಳಿದ್ದು ಬಹುಶಃ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಅಂತ (ಹೆಸರಲ್ಲೇ ಸೀರಿಯಸ್ಸು!). ಇದ್ರ ಸ್ಪೋರ್‌ಗಳು (ಬಿಸಿ ತಡ್ಕೊಳೋ ಬೀಜದಂಥ ರೂಪ) ಅಕ್ಕೀಲೇ ಇರ್ತಾವಂತೆ, ಅನ್ನ ಬೇಯಿಸಿದ್ರೂ ಕೆಲವು ಸಾಯಲ್ಲ, ಆಮೇಲೆ ಅನ್ನ ಬೆಚ್ಚಗೆ ಹೊರಗೇ ಇದ್ರೆ ಬ್ಯಾಕ್ಟೀರಿಯಾ ಬೆಳೆದು ಸೆರ್ಯುಲೈಡ್ ಅನ್ನೋ ವಿಷ ಬಿಡುತ್ತೆ, ಅದು 121 ಡಿಗ್ರೀಲಿ 90 ನಿಮಿಷ ಇಟ್ರೂ ಹಾಳಾಗಲ್ಲ, ಇನ್ನು ನನ್ನ ಐದು ನಿಮಿಷದ ಒಗ್ಗರಣೆ ಯಾವ ಲೆಕ್ಕ. ಬ್ಯಾಕ್ಟೀರಿಯಾ ಸತ್ರೂ ವಿಷ ಹಂಗೇ ಉಳಿಯುತ್ತೆ, ನಾನು ತಪ್ಪು ತಿಳ್ಕೊಂಡಿದ್ದು ಅಲ್ಲೇ. ವಿಷ ಮೊದ್ಲೇ ರೆಡಿ ಇರೋದ್ರಿಂದ ಅರ್ಧ ಗಂಟೆಯಿಂದ ಆರು ಗಂಟೆ ಒಳಗೆ ವಾಂತಿ. ಇದೇ ಬ್ಯಾಕ್ಟೀರಿಯಾದ್ದು ಭೇದಿ ಥರದ್ದೂ ಇದೆ, ಅದ್ರಲ್ಲಿ ವಿಷ ತಯಾರಾಗೋದು ಕರುಳಲ್ಲಿ, ಹಂಗಾಗಿ 8ರಿಂದ 16 ಗಂಟೆ ತಗೊಳತ್ತೆ.

ಸ್ಟೆಫೈಲೊಕಾಕಸ್ (ಇನ್ನೊಂದು ಬ್ಯಾಕ್ಟೀರಿಯಾ) ಇರ್ಬಹುದು ಅಂದವ್ರಿಗೆ: ಹೌದು, ಅದ್ರ ವಿಷವೂ ಬಿಸಿಗೆ ಬಗ್ಗಲ್ಲ, ವಾಂತಿ ಶುರುವಾಗೋ ಟೈಮೂ ಹೆಚ್ಚುಕಮ್ಮಿ ನಮಗಾದಷ್ಟೇ, ಡಾಕ್ಟ್ರೂ ಅದನ್ನ ತಳ್ಳಿಹಾಕಿಲ್ಲ. ಚಿತ್ರಾನ್ನಕ್ಕೆ ಹಾಕಿದ ಕಡ್ಲೆಬೀಜದ ಮೇಲೆ ಗೂಬೆ ಕೂರಿಸಿದವ್ರು ಮಾತ್ರ ಸಾರಿ.

ಈಗ ಮಿಕ್ಕಿದ ಅನ್ನ ತಟ್ಟೇಲಿ ಹರಡಿ ಆರಿಸಿ ಬೇಗ ಫ್ರಿಜ್‌ಗೆ ಹಾಕ್ತೀನಿ. ಅತ್ತೆ ಇನ್ನೂ ಒಪ್ಪಿಲ್ಲ, ದೃಷ್ಟಿ ಆಗಿದ್ದು ಅಂತಾರೆ.