ಪದ ಬೇಕು: ಚಿಲ್ಲರೆಯಲ್ಲಿ ಬಂದ ಅಪರೂಪದ ನಾಣ್ಯಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪುಟ್ಟ ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ನನಗೆ ನಾಣ್ಯ ಕೂಡಿಡುವ ಹುಚ್ಚಿದೆ. ದೊಡ್ಡ ಸಂಗ್ರಹವೇನಲ್ಲ, ಎರಡು ತಟ್ಟೆ ಅಷ್ಟೆ. ಒಂದರಲ್ಲಿ ದುಡ್ಡು ಕೊಟ್ಟು ಕೊಂಡವು. ಇನ್ನೊಂದರಲ್ಲಿ ತಾವಾಗಿಯೇ ಬಂದವು. ಅಂದರೆ ಯಾರೋ ಲೆಕ್ಕ ಮಾಡಿ ಅಂಗೈಗೆ ಹಾಕಿದ ಚಿಲ್ಲರೆಯ ನಡುವೆ, ಅದೇ ಬೆಲೆಯ ಉಳಿದ ನಾಣ್ಯಗಳ ಹಾಗೇ ಸುಮ್ನೆ ಕೂತಿದ್ದವು. ಮೊನ್ನೆ ತಟ್ಟೆಗಳಿಗೆ ಚೀಟಿ ಅಂಟಿಸೋಣ ಎಂದು ಕೂತೆ. ಮೊದಲನೆಯದಕ್ಕೆ ‘ಕೊಂಡದ್ದು’ ಎಂದು ಬರೆದೆ. ಎರಡನೆಯದಕ್ಕೆ ‘ಸಿಕ್ಕಿದ್ದು’ ಎಂದು ಬರೆದೆ. ಗೆಳೆಯನೊಬ್ಬ ಅದನ್ನು ಓದಿ, “ಯಾರು ಕಳ್ಕೊಂಡಿದ್ದು?” ಎಂದು ಕೇಳಿದ.

ಅವನ ಪ್ರಶ್ನೆ ನ್ಯಾಯವಾದದ್ದೇ. ‘ಸಿಕ್ಕಿತು’ ಅಂದಕೂಡಲೇ ಕಳೆದುಕೊಂಡವನೊಬ್ಬ ಹಿಂದೆಯೇ ಬಂದು ನಿಲ್ಲುತ್ತಾನೆ. ದಾರಿಯಲ್ಲಿ ಸಿಕ್ಕಿದ್ದು, ಬಸ್ಸಿನ ಸೀಟಿನಡಿ ಸಿಕ್ಕಿದ್ದು. ಆದರೆ ನನ್ನ ನಾಣ್ಯವನ್ನು ಯಾರೂ ಕಳೆದುಕೊಂಡಿಲ್ಲ. ಕೊಟ್ಟವರು ಸರಿಯಾಗಿ ಎಣಿಸಿಯೇ ಕೊಟ್ಟಿದ್ದಾರೆ, ನಾನೂ ಎಣಿಸಿಯೇ ತಗೊಂಡಿದ್ದೇನೆ. ಲೆಕ್ಕ ಚುಕ್ತಾ. ಆದರೂ ಅಲ್ಲಿ ಏನೋ ಒಂದು ‘ಸಿಕ್ಕಿದೆ’. ಆ ‘ಏನೋ’ಗೆ ಹೆಸರು ಬೇಕು.

ನಾನು ಯೋಚಿಸಿ ಬಿಟ್ಟ ಪದಗಳನ್ನು ಹೇಳಿಬಿಡುತ್ತೇನೆ, ನೀವು ಮತ್ತೆ ಅದೇ ದಾರಿ ಹಿಡಿಯುವುದು ಬೇಡ. ‘ನಿಧಿ’ ದೊಡ್ಡ ಮಾತಾಯಿತು. ಅದು ಯಾರೋ ಬೇಕೆಂದೇ ಹೂತಿಟ್ಟದ್ದು. ‘ದೊರೆತ ನಾಣ್ಯ’ ಅಂದರೆ ನೆಲ ಅಗೆದು ತೆಗೆದ ಹಾಗೆ ಕೇಳಿಸುತ್ತದೆ. ‘ಲಭ್ಯ’ ಅಂದರೆ ಮಾರಾಟಕ್ಕಿದೆ ಎಂದಂತೆ. ‘ಆಕಸ್ಮಿಕ’ ಎಂದು ಬರೆದು ನೋಡಿದೆ. ತಟ್ಟೆಗೆ ಬೆಂಕಿ ಬಿದ್ದ ಹಾಗೆ ಅನಿಸಿತು.

ಕಷ್ಟ ಎಲ್ಲಿದೆ ಅಂದರೆ, ಸಣ್ಣ ನಾಣ್ಯಕ್ಕೆ ನಮ್ಮ ಭಾಷೆಯಲ್ಲಿ ಇರುವ ಮಾತುಗಳಲ್ಲಿ ಹೆಚ್ಚಿನವು ತಾತ್ಸಾರದವು. ಬಿಡಿಗಾಸು, ಪುಡಿಗಾಸು, ಚಿಕ್ಕಾಸು. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ಬೈಯುತ್ತೇವೆ. ಚಿಲ್ಲರೆಯಂತೂ ಕೇಳುವುದೇ ಬೇಡ. ಚಿಲ್ಲರೆ ಬುದ್ಧಿ, ಚಿಲ್ಲರೆ ಜಗಳ, ಚಿಲ್ಲರೆ ಜನ. ನೋಡಲು ಯೋಗ್ಯವಲ್ಲದ್ದು ಎಂದು ಮೊದಲೇ ತೀರ್ಮಾನ ಮಾಡಿಟ್ಟಿದ್ದೇವೆ. ಹಾಗೆ ಯಾರೂ ನೋಡದ್ದರಿಂದಲೇ ಅಪರೂಪದ್ದು ಅದರಲ್ಲಿ ಉಳಿದುಕೊಳ್ಳುತ್ತದೆ ಅನ್ನುವುದು ಬೇರೆ ಮಾತು!

ಇನ್ನು ದುಡ್ಡು, ಹಣ ಇವೆರಡೂ ಒಂದು ಕಾಲಕ್ಕೆ ನಾಣ್ಯಗಳ ಹೆಸರೇ ಆಗಿದ್ದವು. ದುಡ್ಡು ತಾಮ್ರದ್ದು, ಹಣ ಪುಟ್ಟ ಚಿನ್ನದ್ದು. ಈಗ ಎರಡೂ ಕೈಗೆ ಸಿಗದಷ್ಟು ಅಗಲವಾಗಿವೆ. ಬ್ಯಾಂಕಿನ ಖಾತೆಯಲ್ಲಿರುವುದೂ ಹಣವೇ. ಹಾಗಾಗಿ ಬೆರಳಿಗೆ ತಾಗುವ ಬಿಡಿ ವಸ್ತುವಿಗೆ ‘ನಾಣ್ಯ’ ಮತ್ತು ‘ಕಾಸು’ ಮಾತ್ರ ಉಳಿದವು. ಕಾಸಿನದೊಂದು ತಮಾಷೆ ಇದೆ. ಈ ಕಡೆಯ ಸಣ್ಣ ನಾಣ್ಯಗಳಿಗೆ ಇಂಗ್ಲಿಷಿನವರು ಹಳೇ ಬರಹಗಳಲ್ಲಿ ‘ಕ್ಯಾಶ್’ ಎಂದೇ ಬರೆದರು. ಅದು ನಮ್ಮ ಕಾಸಿನ ಸೋದರ ಪದವಾದ ತಮಿಳಿನ ‘ಕಾಸು’, ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ನಗದು ಎಂಬ ಅರ್ಥದ ಕ್ಯಾಶ್ ಬೇರೆ. ಅದು ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಎರಡು ಬೇರೆ ಬೇರೆ ಪದಗಳು ಉಚ್ಚಾರದಲ್ಲಿ ಒಂದೇ ಆಗಿ ಕೂತಿವೆ.

ಈಗ ನನಗೆ ಬೇಕಾದ ಪದದಲ್ಲಿ ಏನೇನು ಇರಬೇಕು ಎಂದು ಹೇಳಬೇಕಲ್ಲ. ಅದಕ್ಕೆ ಒಂದು ಸಂಜೆಯ ಕಥೆ.

ಜೇಬಿನದ್ದೆಲ್ಲ ಮೇಜಿನ ಮೇಲೆ ಸುರಿದು, ಒಂದೇ ಬೆಲೆಯವನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಬೇರೆಲ್ಲೋ ಇತ್ತು. ಒಂದು ನಾಣ್ಯವನ್ನು ತಿರುಗಿಸಿದಾಗ ಬೆರಳು ಗಕ್ಕನೆ ನಿಂತಿತು. ಹಿಂಬದಿಯ ಚಿತ್ರ ನೆಟ್ಟಗಿರಲಿಲ್ಲ. ಕತ್ತು ಓರೆ ಮಾಡಿಕೊಂಡು ನೋಡುವವರ ಹಾಗೆ ಒಂದು ಬದಿಗೆ ವಾಲಿತ್ತು. ನಾನೇ ಓರೆಯಾಗಿ ಹಿಡಿದಿರಬೇಕು ಅಂದುಕೊಂಡೆ. ಮತ್ತೆ ಮೇಲೆ ಕೆಳಗೆ ಎರಡು ಬೆರಳಲ್ಲಿ ನೆಟ್ಟಗೆ ಹಿಡಿದು ತಿರುಗಿಸಿದೆ. ಅಷ್ಟೇ ವಾಲಿತ್ತು. ಪಕ್ಕದ ನಾಣ್ಯ ತೆಗೆದುಕೊಂಡು ತಿರುಗಿಸಿದೆ, ಅದು ನೆಟ್ಟಗಿತ್ತು. ಆಗ ಮೈ ಜುಮ್ಮೆಂದಿತು. ದೀಪ ಹತ್ತಿರಕ್ಕೆ ಎಳೆದುಕೊಂಡೆ. ಉಳಿದ ಚಿಲ್ಲರೆ ಎಷ್ಟಿತ್ತು ಅನ್ನುವುದೇ ಮರೆತುಹೋಯಿತು.

ಇದು ಅಚ್ಚಿನ ತಪ್ಪು. ನಾಣ್ಯಕ್ಕೆ ಎರಡು ಅಚ್ಚು ಇರುತ್ತವೆ, ಮೇಲೊಂದು, ಕೆಳಗೊಂದು. ಅವುಗಳಲ್ಲಿ ಒಂದು ಸಡಿಲವಾಗಿ ಸ್ವಲ್ಪ ತಿರುಗಿದರೆ ಮುಂದೆ ಒತ್ತಿದ ನಾಣ್ಯಗಳೆಲ್ಲ ಹೀಗೆ ಓರೆಯಾಗುತ್ತವೆ. ಕಿವಿಮಾತು: ತಲೆಕೆಳಗಾಗಿದೆ ಎಂದು ಕುಣಿಯುವ ಮೊದಲು ಆ ದೇಶದ ಪದ್ಧತಿ ನೋಡಿಕೊಳ್ಳಿ. ಬ್ರಿಟನ್ನಿನ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಎರಡೂ ಬದಿ ನೆಟ್ಟಗಿರುತ್ತವೆ. ಅಮೆರಿಕದ್ದನ್ನು ಮೇಲಿಂದ ಕೆಳಕ್ಕೆ ಮಗುಚಬೇಕು. ಇದು ಗೊತ್ತಿಲ್ಲದೆ ‘ತಲೆಕೆಳಗಾದ ನಾಣ್ಯ ಸಿಕ್ತು’ ಎಂದು ಹಿಗ್ಗಿದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಇಂಥ ನಾಣ್ಯಕ್ಕೆ ನಾನು ‘ಓರೆಯಚ್ಚು’ ಎಂದು ಚೀಟಿ ಬರೆದೆ. ಒಟ್ಟಾರೆ ತಪ್ಪಾಗಿ ಅಚ್ಚಾದವಕ್ಕೆ ‘ತಪ್ಪಚ್ಚು’. ಇವೆರಡು ನನಗೆ ಒಪ್ಪಿಗೆಯಾಗಿವೆ, ‘ದೋಷಪೂರಿತ ನಾಣ್ಯ’ಕ್ಕಿಂತ ಎಷ್ಟೋ ವಾಸಿ. ಅಕ್ಷರಗಳು ಎರಡೆರಡಾಗಿ ಕಾಣುವಂಥದ್ದಕ್ಕೆ ‘ಜೋಡಚ್ಚು’ ಹೇಗೆ? ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಹೆಸರುವಾಸಿ. ಇಸವಿಯೂ ಅಕ್ಷರಗಳೂ ಎರಡೆರಡಾಗಿ ಬಿದ್ದಿರುವುದು ಬರಿಗಣ್ಣಿಗೇ ಕಾಣುತ್ತದೆ, ಕನ್ನಡಕ ಮರೆತವರಿಗೆ ಎಲ್ಲ ನಾಣ್ಯವೂ ಕಾಣುವ ಹಾಗೆ.

ನಿಜಕ್ಕೂ ಸಿಕ್ಕಿಹಾಕಿಕೊಂಡಿದ್ದು ಇನ್ನೊಂದರಲ್ಲಿ. ಜೊತೆಗಿರಬಾರದ ಎರಡು ಅಚ್ಚುಗಳು ಸೇರಿ ಹುಟ್ಟಿದ ನಾಣ್ಯವನ್ನು ಇಂಗ್ಲಿಷಿನವರು ‘ಮ್ಯೂಲ್’ ಅನ್ನುತ್ತಾರೆ, ಅಂದರೆ ಹೇಸರಗತ್ತೆ. ಬ್ರಿಟನ್ನಿನಲ್ಲಿ 2008ರಲ್ಲಿ 20 ಪೆನ್ಸಿನ ವಿನ್ಯಾಸ ಬದಲಾಯಿತು. ಹಿಂಬದಿಯಲ್ಲಿದ್ದ ಇಸವಿ ರಾಣಿಯ ಮುಖದ ಬದಿಗೆ ಹೋಯಿತು. ಆದರೆ ಕೆಲವು ನಾಣ್ಯಗಳಿಗೆ ಹೊಸ ಹಿಂಬದಿಯ ಜೊತೆ ಹಳೇ ಮುಂಬದಿಯ ಅಚ್ಚು ಬಿತ್ತು. ಎರಡರಲ್ಲೂ ಇಸವಿ ಇಲ್ಲ! ಇಸವಿಯೇ ಇಲ್ಲದ ನಾಣ್ಯ ಜನರ ಜೇಬು ಸೇರಿತು. ಇದನ್ನು ‘ಹೇಸರಗತ್ತೆ ನಾಣ್ಯ’ ಅಂದರೆ ನಗು ಬರುತ್ತದೆ. ‘ಬೆರಕೆ’ ಅಂದರೆ ಲೋಹ ಕಲಬೆರಕೆ ಮಾಡಿದ್ದಾರೆ ಅನಿಸುತ್ತದೆ. ‘ಅಡ್ಡಜೋಡಿ’ ಎಂದು ಬರೆದಿಟ್ಟಿದ್ದೇನೆ, ಆದರೆ ಮನಸ್ಸಿಗೆ ಸಮಾಧಾನ ಇಲ್ಲ.

ಮುಂಬದಿ, ಹಿಂಬದಿ ಅಂದೆನಲ್ಲ, ಅದೂ ಸುಲಭಕ್ಕೆ ಬಗೆಹರಿಯಲಿಲ್ಲ. ಮೊದಲು ‘ಮುಖ’ ಎಂದು ಬರೆಯುತ್ತಿದ್ದೆ. ‘ಒಂದೇ ನಾಣ್ಯದ ಎರಡು ಮುಖಗಳು’ ಎಂದು ದಿನಾ ಹೇಳುವ ನಮಗೆ ಎರಡೂ ಮುಖವೇ ಆದವು. ಹಾಗಾಗಿ ಮುಖ ಬಿಟ್ಟೆ. ಅಂಚಿನದ್ದೂ ಇದೇ ಗೋಳು. ನಾಣ್ಯದ ದಪ್ಪ ಕಾಣುವ ಬದಿಯೂ ಅಂಚು, ಮೇಲ್ಮೈಯ ಸುತ್ತ ಎದ್ದಿರುವ ಏರೂ ಅಂಚು. ಪಾತ್ರೆಗೆ ‘ಕಂಠ’ ಅನ್ನುತ್ತೇವಲ್ಲ, ಆ ಏರಿಗೆ ಅದನ್ನೇ ಎರವಲು ತಂದರೆ ಹೇಗೆ? ಅಂಚು ಅನ್ನುವುದನ್ನು ದಪ್ಪಕ್ಕೇ ಬಿಡಬಹುದು. ಈ ಅಂಚಿನ ವಿಷಯ ಚಿಲ್ಲರೆ ಹುಡುಕುವವರಿಗೆ ಬಹಳ ಮುಖ್ಯ. ಅಮೆರಿಕದ ಡೈಮ್ (10 ಸೆಂಟ್) ಮತ್ತು ಕ್ವಾರ್ಟರ್ (25 ಸೆಂಟ್) 1964ರವರೆಗೆ ನೂರಕ್ಕೆ 90 ಪಾಲು ಬೆಳ್ಳಿಯವು. 1965ರಿಂದ ನಡುವೆ ತಾಮ್ರ, ಎರಡೂ ಬದಿಗೆ ತಾಮ್ರ ನಿಕ್ಕಲ್ ಬೆರಕೆಯ ಪದರ. ಪೇರಿಸಿಟ್ಟು ಬದಿಯಿಂದ ನೋಡಿದರೆ ಹೊಸವುಗಳ ಅಂಚಿನಲ್ಲಿ ಕೆಂಪು ಗೆರೆ ಕಾಣುತ್ತದೆ. ಬೆಳ್ಳಿಯದು ಪೂರ್ತಿ ಬಿಳಿ. ಒಂದೊಂದಾಗಿ ಇಸವಿ ಓದುವ ಕೆಲಸವೇ ಇಲ್ಲ.

ಇನ್ನು ‘ಹಳೆಯ’ ಮತ್ತು ‘ಅಪರೂಪದ’. ಇವೆರಡನ್ನೂ ನಾವು ಜೋಡಿ ಪದದ ಹಾಗೆ ಬಳಸುತ್ತೇವೆ. ‘ಹಳೇ ಅಪರೂಪದ ನಾಣ್ಯ’ ಎಂದು ಒಂದೇ ಉಸಿರಿಗೆ ಬರುತ್ತದೆ. ನಾಣ್ಯದವರಿಗೆ ಇದು ಕಿರಿಕಿರಿ. ನಾಲ್ಕನೆಯ ಶತಮಾನದ ರೋಮನ್ ಕಂಚಿನ ನಾಣ್ಯಗಳಿಗೆ 1600 ವರ್ಷದ ಮೇಲಾಯಿತು, ಆದರೂ ಅವುಗಳಲ್ಲಿ ಬಹಳಷ್ಟು ರಾಶಿ ರಾಶಿ ಸಿಗುತ್ತವೆ. ಅತ್ತ ಬ್ರಿಟನ್ನಿನ ಕ್ಯೂ ಗಾರ್ಡನ್ಸ್ ಎಂಬ ಸಸ್ಯೋದ್ಯಾನದ ಚಿತ್ರವಿರುವ 50 ಪೆನ್ಸ್ 2009ರದ್ದು, ನಿನ್ನೆ ಮೊನ್ನೆಯದು ಅನ್ನಬಹುದು. ಆದರೆ ಆ ವರ್ಷ ಹೊರಬಿಟ್ಟದ್ದು 2,10,000 ಮಾತ್ರ. ಅದು ಜನರು ಚಿಲ್ಲರೆಯಲ್ಲಿ ಹುಡುಕುವ ನಾಣ್ಯ. ಹಾಗಾಗಿ ನಮ್ಮ ಪದದಲ್ಲಿ ‘ಹಳೆ’ ಬೇಡ.

ಬೇಕಾದದ್ದು ಏನು ಹಾಗಾದರೆ? 1947ರಲ್ಲಿ ಅಮೆರಿಕದ ಒಬ್ಬ ಹುಡುಗನಿಗೆ ಶಾಲೆಯ ಕ್ಯಾಂಟೀನಿನ ಚಿಲ್ಲರೆಯಲ್ಲಿ 1943ರ ಕಂಚಿನ ಸೆಂಟ್ ಬಂತು. ಆ ವರ್ಷ ಯುದ್ಧಕ್ಕೆ ತಾಮ್ರ ಬೇಕಿತ್ತು, ಅದಕ್ಕೇ ಸೆಂಟನ್ನು ಸತುವು ಲೇಪಿಸಿದ ಉಕ್ಕಿನಲ್ಲಿ ಮಾಡಿದರು. ಆದರೆ ಹಿಂದಿನ ವರ್ಷದ, ಇನ್ನೂ ಅಚ್ಚು ಒತ್ತದ ಕೆಲವು ಕಂಚಿನ ಬಿಲ್ಲೆಗಳು ಹೇಗೋ ಯಂತ್ರಕ್ಕೆ ಹೋಗಿ ಅಚ್ಚಾಗಿಬಿಟ್ಟವು. ನಾಲ್ಕು ವರ್ಷ ಆ ನಾಣ್ಯ ಎಷ್ಟು ಕೈ ದಾಟಿರಬಹುದು ಯೋಚಿಸಿ. ಕೊಟ್ಟವರು, ತಗೊಂಡವರು, ಎಣಿಸಿದವರು. ಯಾರ ಕಣ್ಣೂ ಅದರ ಮೇಲೆ ನಿಲ್ಲಲಿಲ್ಲ. ಆ ಹುಡುಗನ ಕಣ್ಣು ನಿಂತಿತು. ನನಗೆ ಬೇಕಿರುವ ಪದದಲ್ಲಿ ಈ ‘ಕಣ್ಣು ನಿಂತಿದ್ದು’ ಇರಬೇಕು. ಹುಡುಕಲು ಹೊರಟದ್ದಲ್ಲ, ಬಿದ್ದದ್ದು ಎತ್ತಿಕೊಂಡದ್ದೂ ಅಲ್ಲ.

‘ಕಣ್ತಪ್ಪಿದ ನಾಣ್ಯ’ ಒಂದು ಅಭ್ಯರ್ಥಿ. ಉಳಿದವರ ಕಣ್ಣು ತಪ್ಪಿಸಿಕೊಂಡು ಬಂದದ್ದು ಎಂಬ ಅರ್ಥ ಚೆನ್ನಾಗಿದೆ, ಆದರೆ ನನ್ನ ಕಣ್ಣಿಗೂ ಬೀಳಲಿಲ್ಲವೇನೋ ಎಂದು ಓದುವ ಅಪಾಯ ಇದೆ. ಇನ್ನೊಂದು ‘ಹೆಕ್ಕುಗಾಸು’. ಹೆಕ್ಕು ನನಗೆ ಇಷ್ಟದ ಮಾತು, ಕರಾವಳಿಯವರಿಗೆ ದಿನಬಳಕೆಯದು. ಅದರಲ್ಲಿ ನೋಡುವುದೂ ಎತ್ತುವುದೂ ಒಟ್ಟಿಗೇ ಇವೆ. ಕಾಳು ಹೆಕ್ಕುವ ಕೋಳಿ ಬೇರೆ ಹುಡುಕಿ ಬೇರೆ ಎತ್ತುವುದಿಲ್ಲ, ಅಲ್ವಾ? ಬಿಡಿಗಾಸಿನ ಜೊತೆ ಪ್ರಾಸವೂ ಕೂತಿದೆ. ಕ್ರಿಯಾಪದದ ಮುಂದೆ ಕಾಸು ‘ಗಾಸು’ ಆಗುತ್ತದೆಯೇ ಎಂದು ಕೇಳುವವರಿಗೆ: ಸುಡು, ಕಾಡು ಸೇರಿ ಸುಡುಗಾಡು ಆಗಿಲ್ಲವೇ. ಉದಾಹರಣೆ ಸ್ವಲ್ಪ ಅಪಶಕುನದ್ದು, ಬೇರೆ ನೆನಪಾಗಲಿಲ್ಲ.

ಆ ಕ್ಷಣದ ಖುಷಿಗೂ ಪದ ಕೇಳೋಣ ಅಂದುಕೊಂಡಿದ್ದೆ. ‘ಥ್ರಿಲ್ ಆಯ್ತು’ ಅನ್ನುವುದು ಎಲ್ಲರ ಬಾಯಲ್ಲಿದೆ, ತಕರಾರಿಲ್ಲ. ಪುಳಕ ಬರಹದಲ್ಲಿ ಮಾತ್ರ ಬದುಕಿದೆ. ರೋಮಾಂಚನ ದೊಡ್ಡದಾಯಿತು. ಎದೆ ಝಲ್ ಅಂದರೆ ಹೆದರಿಕೆ. ಬರೆಯುತ್ತಾ ಬರೆಯುತ್ತಾ ಮೇಲಿನ ಕಥೆಯಲ್ಲೇ ಅದು ಬಿಡಿಬಿಡಿಯಾಗಿ ಬಂದುಬಿಟ್ಟಿದೆ: ಮೊದಲು ಗಕ್ಕನೆ, ಆಮೇಲೆ ಜುಮ್ಮೆನ್ನುವುದು, ಖಾತ್ರಿಯಾದ ಮೇಲೆ ಹಿಗ್ಗು. ಮೂರೂ ಬೇರೆ ಬೇರೆ. ಒಂದೇ ಪದಕ್ಕೆ ಹಟ ಹಿಡಿಯುವುದಿಲ್ಲ.

ಕೊನೆಯದಾಗಿ ಒಂದು ಉಪಪ್ರಶ್ನೆ. ತಾಮ್ರದ ನಾಣ್ಯದ ಮೇಲೆ ಕಾಲ ಕಳೆದಂತೆ ಬರುವ ಬಣ್ಣಕ್ಕೆ ನಮ್ಮಲ್ಲಿ ‘ಕಿಲುಬು’ ಇದೆ. ಆದರೆ ಕಿಲುಬು ಅಂದಕೂಡಲೇ ಕೈ ತಿಕ್ಕಲು ಓಡುತ್ತದೆ. ನಾಣ್ಯವನ್ನು ತಿಕ್ಕಬಾರದು. ತಿಕ್ಕಿದರೆ ಮೇಲ್ಮೈಯೇ ಗೀಚಿಹೋಗುತ್ತದೆ, ಕೊಳ್ಳುವವರು ಮುಖ ತಿರುಗಿಸುತ್ತಾರೆ. ನನ್ನ ಮೊದಲ ಹೆಕ್ಕುಗಾಸನ್ನು ನಾನು ಬಟ್ಟೆ ಹಾಕಿ ಫಳಫಳ ಅನ್ನುವ ಹಾಗೆ ಉಜ್ಜಿದ್ದೆ, ಈಗಲೂ ತಟ್ಟೆಯಲ್ಲಿ ಅದೊಂದೇ ಪೆದ್ದುಪೆದ್ದಾಗಿ ಹೊಳೆಯುತ್ತದೆ. ಉಳಿಸಿಕೊಳ್ಳಬೇಕಾದ ಆ ಹಳೇ ಬಣ್ಣಕ್ಕೆ, ತಿಕ್ಕು ಎಂದು ಹೇಳದ ಒಂದು ಪದ ನಿಮ್ಮ ಕಡೆ ಇದೆಯೇ? ಕಂಚು ಹಿತ್ತಾಳೆಯ ಕೆಲಸದವರ ಬಾಯಲ್ಲಿ ಕೇಳಿದ್ದರೆ ಇನ್ನೂ ಒಳ್ಳೆಯದು. ಮೊದಲು ಕೇಳಿದ ಪದ ಸಿಗುವವರೆಗೆ ಎರಡನೆಯ ತಟ್ಟೆಯ ಚೀಟಿ ಖಾಲಿಯೇ ಇರುತ್ತದೆ.