ಬೀಮಿನ ಅಡೀಲಿ ಕಂಬಿ ಕಾಣ್ತಿದೆ, ಮೇಸ್ತ್ರಿ ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಹತ್ತಿರ ಒಂದು ಸರ್ಕಾರಿ ಪ್ರೈಮರಿ ಶಾಲೇಲಿ ಟೀಚರ್. ನಮ್ಮನೆಯವರು ಬೆಳಿಗ್ಗೆ ಟ್ರೈನಿಗೆ ಬೆಂಗಳೂರಿಗೆ ಹೋದ್ರೆ ಬರೋದು ರಾತ್ರಿ. ಹಂಗಾಗಿ ಮನೆ ಕಟ್ಟಿಸೋ ಕೆಲಸ ಪೂರ್ತಿ ನನ್ನ ತಲೆ ಮೇಲಿದೆ. 30*40 ಸೈಟು, ಒಂಬತ್ತು ಚದರದ ಮನೆ. ಸಾಮಾನೆಲ್ಲ ನಮ್ಮದು, ಲೇಬರ್ ಮಾತ್ರ ಮೇಸ್ತ್ರೀದು. ಚದರಕ್ಕೆ 28,000 ಅಂತ ಮಾತಾಡಿದ್ವಿ, ಒಟ್ಟು 2,52,000. ಇಲ್ಲೀವರೆಗೆ 1,90,000 ಕೊಟ್ಟಿದ್ದೀನಿ.

ಅವರು ಕೆಟ್ಟ ಕೆಲಸಗಾರ ಅಂತ ನಾನು ಹೇಳಲ್ಲ. ನಮ್ಮ ಸೈಟು ಮುಂಚೆ ಗದ್ದೆ. ಪಾಯ ತೆಗೆದಾಗ ವಿ.ಸಿ. ನಾಲೆಗೆ ನೀರು ಬಿಟ್ಟಿದ್ರು, ನಾಲ್ಕಡಿಗೇ ಗುಂಡೀಲಿ ನೀರು ಜಿನುಗೋಕೆ ಶುರುವಾಯ್ತು. ಅವತ್ತು ರಾತ್ರಿ ಹತ್ತರವರೆಗೆ ನಿಂತು ಮೋಟ್ರು ಹಾಕಿ ನೀರು ಎತ್ತಿಸಿ ಬೆಡ್ ಕಾಂಕ್ರೀಟ್ ಹಾಕಿಸಿದ್ದು ಇದೇ ಮೇಸ್ತ್ರಿ.

ಕಷ್ಟ ಆಗಿರೋದು ಮೋಲ್ಡ್, ಅಂದ್ರೆ ಚಾವಣಿ ಕಾಂಕ್ರೀಟ್, ಹಾಕಿದ ದಿನದಿಂದ. ಮಧ್ಯಾಹ್ನ ಕಾಂಕ್ರೀಟನ್ನ ಅದುರಿಸಿ ಗಟ್ಟಿಯಾಗಿ ಕೂರಿಸೋ ವೈಬ್ರೇಟರ್ ಕೆಟ್ಟು ನಿಂತೋಯ್ತು. ಇನ್ನೊಂದು ತರಿಸಿ ಅಂದೆ. "ಕಂಬೀಲೇ ಕುಟ್ಟಿಸ್ತೀನಿ ಬುಡಿ ಮೇಡಮ್ಮೋರೆ" ಅಂದ್ರು. ಹಾಲಿಗೂ ಅಡುಗೆಮನೆಗೂ ಮಧ್ಯೆ ಇರೋ ಬೀಮಿಗೆ ಮಾಲು ಬಿದ್ದಿದ್ದು ಅದೇ ಹೊತ್ತಲ್ಲಿ. ಹದಿನೈದನೇ ದಿನ ಸೆಂಟ್ರಿಂಗ್ ಬಿಚ್ಚಿದ್ರು. ಸಾಯಂಕಾಲ ಸ್ಕೂಲಿಂದ ಬಂದು ಟಾರ್ಚ್ ಬಿಟ್ಟು ನೋಡ್ತೀನಿ, ಕಾಲಂ ಪಕ್ಕದಲ್ಲೇ ಬೀಮಿನ ಅಡಿಭಾಗ ಒಂದೂವರೆ ಅಡಿ ಉದ್ದಕ್ಕೆ ಬರೀ ಜಲ್ಲಿ. ಸಿಮೆಂಟೇ ಇಲ್ಲ. ಎರಡು ಕಂಬಿ ಬೆತ್ತಲೆ ಕಾಣ್ತಿದೆ. ತಲೆಗೆ ಹಾಕಿದ್ದ ಪಿನ್ನು ತೆಗೆದು ಜಲ್ಲಿ ಸಂದಿಗೆ ಚುಚ್ಚಿದೆ, ಪೂರ್ತಿ ಒಳಗೋಯ್ತು. ಬೆರಳಲ್ಲಿ ಎಳೆದ್ರೆ ಒಂದು ಜಲ್ಲಿ ಕಿತ್ಕೊಂಡು ಕೈಗೇ ಬಂತು. ಅದು ಈಗಲೂ ನನ್ನ ಬ್ಯಾಗಲ್ಲಿದೆ.

ಮೇಸ್ತ್ರಿಗೆ ತೋರಿಸಿದ್ರೆ "ಪ್ಲಾಸ್ಟರಿಂಗ್ ಆದ್ಮೇಲೆ ಏನೂ ಕಾಣಕ್ಕಿಲ್ಲ" ಅಂದ್ರು. ಕಾಣದೇ ಇರೋದೇ ನನಗೆ ಭಯ. ನಾನು ಒಪ್ಪಲಿಲ್ಲ. ಮಾರನೇ ದಿನದಿಂದ ಆಳುಗಳೂ ಇಲ್ಲ, ಅವರ ಫೋನೂ ಇಲ್ಲ. ಇವತ್ತಿಗೆ ಒಂಬತ್ತು ದಿನ. ಬೇರೆ ಇಬ್ಬರು ಮೇಸ್ತ್ರಿಗಳನ್ನ ಕೇಳಿದೆ, ಒಬ್ಬರು ಕೈ ಹಾಕಿದ ಕೆಲಸಕ್ಕೆ ನಾವು ಬರಲ್ಲ ಅಂದ್ರು.

ಈ ಬೀಮು ಅಪಾಯಾನಾ? ಅವರನ್ನ ಹೆಂಗೆ ಕರೆಸೋದು? ದಯವಿಟ್ಟು ಗೊತ್ತಿರೋರು ಹೇಳಿ, ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ (ಮೈಸೂರು, ಕುವೆಂಪುನಗರ)

ಅಮ್ಮಾ, ನಾನು ನಿವೃತ್ತ ಸಿವಿಲ್ ಇಂಜಿನಿಯರ್. ಮೊದಲು ಮಾಡಬೇಕಾದ ಕೆಲಸ ಒಂದೇ: ನಾಳೆ ಬೆಳಿಗ್ಗೆಯೇ ಆ ಬೀಮಿನ ಕೆಳಗೆ ಮತ್ತೆ ಆಸರೆ ಕೊಡಿಸಿ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಕಬ್ಬಿಣದ ಜ್ಯಾಕ್ ಸಿಗುತ್ತವೆ. ಎರಡು ಅಡಿಗೊಂದರಂತೆ ನಿಲ್ಲಿಸಿ, ಮೇಲೆ ಹಲಗೆ ಕೊಟ್ಟು ಬಿಗಿ ಮಾಡಿಸಿ. ಮೇಸ್ತ್ರಿ ಬರುವ ತನಕ ಇದಕ್ಕೆ ಕಾಯಬೇಡಿ. ಚಾವಣಿ ಮೇಲೆ ಇಟ್ಟಿಗೆ, ಮರಳು ಏನನ್ನೂ ಪೇರಿಸಬೇಡಿ.

ಹದಿನೈದನೇ ದಿನ ಬಿಚ್ಚಿದ್ದು ತಪ್ಪಲ್ಲ. ಆರು ಮೀಟರ್ ಒಳಗಿನ ಬೀಮಿಗೆ 14 ದಿನ ಆಸರೆ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಆದರೆ ಆ ಲೆಕ್ಕ ಗಟ್ಟಿ ಕಾಂಕ್ರೀಟಿಗೆ. ನಿಮ್ಮಲ್ಲಿ ಕಂಬಿಯನ್ನು ಹಿಡಿದುಕೊಳ್ಳಲು ಕಾಂಕ್ರೀಟೇ ಇಲ್ಲ. ಅದರಲ್ಲೂ ಕಾಲಂ ಪಕ್ಕದ ಜಾಗ. ಬೀಮು ತನ್ನ ಭಾರವನ್ನೆಲ್ಲ ಕಾಲಮ್ಮಿಗೆ ದಾಟಿಸುವುದು ಅಲ್ಲೇ. ಪ್ಲಾಸ್ಟರಿಂಗ್ ಮಾಡಿಸಿದರೆ ತೂತು ಮುಚ್ಚುತ್ತದೆ, ಬಲ ಬರುವುದಿಲ್ಲ. ತೇವ ಒಳಗೆ ಹೋಗಿ ಕಂಬಿ ತುಕ್ಕು ಹಿಡಿದು ಉಬ್ಬಿದರೆ ಆ ಪ್ಲಾಸ್ಟರನ್ನೂ ಕಿತ್ತು ಬೀಳಿಸುತ್ತದೆ.

ಸರಿ ಮಾಡಬಹುದು, ಹೆದರಬೇಡಿ. ಸಣ್ಣ ಸುತ್ತಿಗೆಯಲ್ಲಿ ಬೀಮಿನ ಉದ್ದಕ್ಕೂ ತಟ್ಟಿಸಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪೊಳ್ಳಿದ್ದ ಕಡೆ ಡಬ್ ಅನ್ನುತ್ತದೆ. ಪೊಳ್ಳನ್ನೆಲ್ಲ ಗಟ್ಟಿ ಕಾಂಕ್ರೀಟ್ ಸಿಗುವ ತನಕ ಉಳಿಯಿಂದ ಬಿಡಿಸಬೇಕು. ಕಂಬಿಯ ಹಿಂದೆ ಒಂದು ಇಂಚಾದರೂ ಜಾಗ ಆಗಬೇಕು. ಧೂಳು ತೊಳೆದು, ಹಿಂದಿನ ದಿನವೇ ನೀರು ಕುಡಿಸಿ, ಸುರಿಯುವ ಹೊತ್ತಿಗೆ ಮೇಲೆ ನೀರು ನಿಂತಿರದಂತೆ ನೋಡಿಕೊಳ್ಳಿ. ಆಮೇಲೆ ಶೀಟು ಬಿಗಿದು, ಕುಗ್ಗದ ಗ್ರೌಟ್ (ಹರಿದು ಸಂದಿ ತುಂಬುವ ಸಿಮೆಂಟ್ ಮಿಶ್ರಣ) ಅಥವಾ ಸಣ್ಣ ಜಲ್ಲಿಯ ಮೈಕ್ರೋ ಕಾಂಕ್ರೀಟ್ ಸುರಿಯಬೇಕು. ಒಂದೇ ಕಡೆಯಿಂದ ಸುರಿದು ಇನ್ನೊಂದು ಕಡೆ ಉಕ್ಕಿ ಬರುವ ತನಕ ಬಿಡಬೇಕು. ಎರಡೂ ಕಡೆ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಮತ್ತೆ ಪೊಳ್ಳಾಗುತ್ತದೆ.

ಉಳಿ ಹಾಕುವ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಮಂಡ್ಯದಲ್ಲೇ ಇಂಜಿನಿಯರಿಂಗ್ ಕಾಲೇಜು ಇದೆ, ಸಿವಿಲ್ ವಿಭಾಗದಲ್ಲಿ ವಿಚಾರಿಸಿ.

ಉತ್ತರ (ಮೈಸೂರು, ವಿಜಯನಗರ 4ನೇ ಹಂತ)

ಮೇಡಂ, ಬೀಮಿನ ವಿಷಯ ಸರ್ ಹೇಳಿದ್ದಾರೆ, ನಾನು ದುಡ್ಡಿನ ವಿಷಯ ಹೇಳ್ತೀನಿ. ನೀವು ನೂರಕ್ಕೆ ಎಪ್ಪತ್ತೈದು ಕೊಟ್ಟಿದ್ದೀರ, ಒಳಗೆ ಹೊರಗೆ ಪ್ಲಾಸ್ಟರಿಂಗ್ ಪೂರ್ತಿ ಬಾಕಿ ಇದೆ. ಅವರ ಕೈಲಿ ದುಡ್ಡು ಮುಂದೆ ಹೋಗಿದೆ, ಕೆಲಸ ಹಿಂದೆ ಉಳಿದಿದೆ. ನಮಗೂ ಹಿಂಗೇ ಆಗಿತ್ತು. ಆಮೇಲೆ ಸಿಕ್ಕ ಮೇಸ್ತ್ರಿ ಹತ್ರ ನಾನು ನೂರು ಪುಟದ ನೋಟ್ ಬುಕ್ಕಲ್ಲಿ ಬರೆಸಿದೆ: ಲಿಂಟಲ್‌ಗೆ ಎಷ್ಟು, ಮೋಲ್ಡಿಗೆ ಎಷ್ಟು, ಒಳ ಪ್ಲಾಸ್ಟರಿಂಗ್‌ಗೆ ಎಷ್ಟು. ಶನಿವಾರ ಬಟವಾಡೆಗೆ ಕೊಟ್ಟಿದ್ದನ್ನೂ ಅದರಲ್ಲೇ ಬರೆದು ಸಹಿ ಹಾಕಿಸ್ಕೊಳ್ತಿದ್ದೆ.

ಇವತ್ತೇ ಬೀಮಿನ ಫೋಟೋ ತೆಗೆದು, ಪಕ್ಕದಲ್ಲಿ ಟೇಪ್ ಹಿಡಿದು, ಮೇಸ್ತ್ರಿಗೆ ವಾಟ್ಸಾಪ್ ಮಾಡಿ. ಕೊಟ್ಟ ದುಡ್ಡಿನ ಲೆಕ್ಕಾನೂ ತಾರೀಖಿನ ಸಮೇತ ಕಳಿಸಿ. ಬರಲೇ ಇಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೇಲಿ ಮನೆ ಕಟ್ಟಿಕೊಡೋದೂ ಸೇವೆ ಅಂತಾನೇ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಆದ್ರೆ ಅದು ಕೊನೆ ದಾರಿ. ಕೇಸು ಮುಗಿಯೋವರೆಗೆ ಮನೆ ಅರ್ಧಕ್ಕೇ ನಿಲ್ಲೋ ಹಂಗಾಗಬಾರದು.

ಉತ್ತರ (ಶ್ರೀರಂಗಪಟ್ಟಣ)

ಮೇಡಮ್ಮೋರೆ, ನಾನು ಗಾರೆ ಕೆಲ್ಸದೋನೇ, ಇಪ್ಪತ್ತೆರಡು ವರ್ಸ ಆಯ್ತು. ಆವಪ್ಪ ಮಾಡಿದ್ದು ತಪ್ಪು. ವೈಬ್ರೇಟರ್ ನಿಂತ್ರೆ ಕಾಂಕ್ರೀಟ್ ನಿಲ್ಲುಸ್ಬೇಕು, ಇನ್ನೊಂದು ತರ್ಬೇಕು. ಕಾಲಂ ಮೂಲೇಲಿ ಕಂಬಿ ಮೇಲೆ ಕಂಬಿ ಕೂತಿರ್ತದೆ, ಮುಕ್ಕಾಲಿಂಚು ಜಲ್ಲಿ ಮೇಲೇ ತಡ್ಕತದೆ, ಕೆಳಿಕ್ಕೆ ಇಳಿಯಲ್ಲ. ಅಲ್ಲಿಗೆ ನಾವು ಅರ್ಧ ಇಂಚಿನ ಜಲ್ಲಿ ಹಾಕಿ ಬೇರೆ ಕಲ್ಸಿ ತುಂಬ್ತೀವಿ.

ಈಗ ಆವಪ್ಪ ಯಾಕೆ ಬತ್ತಿಲ್ಲ ಅಂದ್ರೆ, ನಾಚ್ಕೆ ಒಂದು, ದುಡ್ಡು ಒಂದು. ಬೀಮ್ ಒಡ್ಸಿದ್ರೆ ಖರ್ಚೆಲ್ಲ ನನ್ ತಲೆಗೆ ಅಂತ ಹೆದ್ರವ್ನೆ. ಫೋನಲ್ಲಿ ಕರೀಬೇಡಿ. ಬೆಳಿಗ್ಗೆ ಆರೂವರೆಗೆ ಅವ್ನ ಮನೆ ತಾವ್ಕೆ ಹೋಗಿ, ಯಜಮಾನ್ರನ್ನೂ ಕರ್ಕೊಂಡು. ಆಳುಗಳ ಮುಂದೆ ಬೈಬೇಡಿ. ಗ್ರೌಟು ನಾವು ತರ್ತೀವಿ, ಕೂಲಿ ನಿಮ್ದು ಅನ್ನಿ. ನನ್ನ ಅನುಭವ್ದಲ್ಲಿ ಹಂಗಂದ್ರೆ ಬತ್ತಾರೆ. ಬರ್ದೇ ಇದ್ರೆ ಇಲ್ಲೇ ಬರೀರಿ, ನಾನೇ ಬಂದು ನೋಡ್ತೀನಿ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ)

ಮೂರೂ ಜನಕ್ಕೆ ಕೈ ಮುಗೀತೀನಿ. ಮಾರನೇ ದಿನವೇ ಐದು ಜ್ಯಾಕ್ ಕೊಡಿಸಿದೆ. ಭಾನುವಾರ ಬೆಳಿಗ್ಗೆ ನಾನೂ ನಮ್ಮನೆಯವರೂ ಮೇಸ್ತ್ರಿ ಊರಿಗೆ ಹೋದ್ವಿ. ಅವರಮ್ಮ ಕಾಫಿ ಕೊಟ್ರು. ಬ್ಯಾಗಿಂದ ಆ ಜಲ್ಲಿ ತೆಗೆದು ಅವರ ಮುಂದೆ ಇಟ್ಟೆ. ಸುಮಾರು ಹೊತ್ತು ಅದನ್ನೇ ನೋಡಿದ್ರು. ಆಮೇಲೆ "ನಾಳಿಕ್ ಬತ್ತೀನಿ ಮೇಡಮ್ಮೋರೆ" ಅಂದ್ರು, ಬಂದ್ರು.

ಇಂಜಿನಿಯರ್ ಎದುರಿಗೇ ಬಿಡಿಸಿದ್ದು. ಪೊಳ್ಳು ಮೂರು ಇಂಚು ಆಳ ಇತ್ತು, ಹೊರಗೆ ಕಂಡಿದ್ದಕ್ಕಿಂತ ಅರ್ಧ ಅಡಿ ಉದ್ದಕ್ಕೂ ಹೋಗಿತ್ತು. ಕಂಬಿಗೆ ತುಕ್ಕು ಹಿಡಿದಿರಲಿಲ್ಲ. ಮೊನ್ನೆ ಗ್ರೌಟ್ ಸುರಿದ್ರು, ಒಂದೇ ಕಡೆಯಿಂದ, ಆ ಕಡೆ ಉಕ್ಕೋವರೆಗೆ. ಉಳಿದ 62,000ವನ್ನ ನಾಲ್ಕು ಹಂತ ಮಾಡಿ ನೋಟ್ ಬುಕ್ಕಲ್ಲಿ ಬರೆದಿದ್ದೀನಿ, ಅವರೂ ಸಹಿ ಹಾಕಿದ್ದಾರೆ.

ಇನ್ನೊಂದು ವಿಷಯ ಕೇಳಬೇಕಿತ್ತು ಸರ್. ಗ್ರೌಟ್ ಹಾಕಿರೋ ಜಾಗಕ್ಕೆ ಗೋಣಿಚೀಲ ಸುತ್ತಿ ಬೆಳಿಗ್ಗೆ ಸಂಜೆ ನೀರು ಹಾಕ್ತಿದ್ದೀನಿ. ನಾನು ಸ್ಕೂಲಲ್ಲಿ ಇರೋ ಹೊತ್ತಲ್ಲಿ, ಮಧ್ಯಾಹ್ನದ ಬಿಸಿಲಿಗೆ, ಚೀಲ ಒಣಗಿಹೋಗುತ್ತೆ. ಪಕ್ಕದ ಮನೆ ಅಜ್ಜಿಗೆ ಒಂದು ಸಲ ಹಾಕಿ ಅಂತ ಹೇಳಿದ್ದೀನಿ. ಅಷ್ಟು ಸಾಕಾ?