ಬೆಂಗಳೂರು ಎಫ್‌ಸಿ: ಚೆಟ್ರಿ ನಂತರದ ತಂಡವನ್ನು ಕಟ್ಟುವುದು ಹೇಗೆ?

ಬಸವನಗುಡಿಯ ಅಭಿಮಾನಿ:
2023-24ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ 12 ತಂಡಗಳ ಪೈಕಿ 10ನೇ ಸ್ಥಾನಕ್ಕೆ ಕುಸಿದಿದ್ದ ನಮ್ಮ ತಂಡ, ಮರುವರ್ಷವೇ ಫೈನಲ್ ತಲುಪಿ, ಕೋಲ್ಕತ್ತದಲ್ಲಿ ಮೋಹನ್ ಬಾಗನ್‌ಗೆ ಹೆಚ್ಚುವರಿ ಸಮಯದಲ್ಲಿ 2-1ರಿಂದ ಮಣಿಯಿತು. ಆದರೆ ಆ ಚೇತರಿಕೆಯಲ್ಲಿ 40ರ ಹರೆಯದ ಸುನಿಲ್ ಚೆಟ್ರಿ ಅವರ 14 ಗೋಲುಗಳ ಪಾಲು ದೊಡ್ಡದು. ಅವರ ಜಾಗಕ್ಕೆ ವಿದೇಶಿ ಸ್ಟ್ರೈಕರ್ ಬೇಕೇ, ಅಕಾಡೆಮಿಯ ಹುಡುಗರು ಸಾಕೇ?

ಮಲ್ಲೇಶ್ವರದಿಂದ:
ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರಿಗೆ ಮಾತ್ರ ಅವಕಾಶವಿರುವುದರಿಂದ, ಉಳಿದ ಏಳು ಮಂದಿ ಭಾರತೀಯರ ಗುಣಮಟ್ಟವೇ ತಂಡದ ಹಣೆಬರಹವನ್ನು ನಿರ್ಧರಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದವರು ಯುವ ಆಟಗಾರ ವಿನಿತ್ ವೆಂಕಟೇಶ್. ಇಂಥವರನ್ನು ಕೊನೆಯ ಹತ್ತು ನಿಮಿಷಕ್ಕಷ್ಟೇ ಇಳಿಸಿದರೆ ಅವರು ಬೆಳೆಯುವುದಾದರೂ ಯಾವಾಗ?

ಹಲಸೂರಿನಿಂದ:
ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ, ಸರ್. ತಂಡ ಮೇಲೆದ್ದದ್ದು ನೊಗೆರಾ, ಪೆರೇರಾ ಡಿಯಾಜ್ ಅವರಂಥ ಅನುಭವಿ ವಿದೇಶಿ ಆಟಗಾರರು ಬಂದ ಮೇಲೆ, ರಾಹುಲ್ ಭೇಕೆ ಮರಳಿದ ಮೇಲೆ. 2019ರ ಫೈನಲ್‌ನಲ್ಲಿ, ಗೋವಾ ವಿರುದ್ಧ 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಪ್ರಶಸ್ತಿ ತಂದವರು ಇದೇ ಭೇಕೆ, ಅದೂ ಡಿಫೆಂಡರ್! (ತಂಡದ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್‌ನವರಿಗೆ ಇದನ್ನು ನೆನಪಿಸಬೇಕಿಲ್ಲ.) ಹುಡುಗರನ್ನು ಬೆಳೆಸೋಣ, ಆದರೆ ಪಕ್ಕದಲ್ಲಿ ತಿದ್ದಿ ಹೇಳುವ ಹಿರಿಯರಿಲ್ಲದಿದ್ದರೆ ಮತ್ತೆ 10ನೇ ಸ್ಥಾನವೇ ಗತಿ.

ಬಸವನಗುಡಿಯ ಅಭಿಮಾನಿ:
ಹಾಗಾದರೆ ಡಿಯಾಜ್ ಅವರಿಗೂ ಆಗಲೇ 30 ದಾಟಿತ್ತಲ್ಲ; ನೀವು ಹೇಳುವಂಥ ಹಿರಿಯರನ್ನೂ ಎರಡು ವರ್ಷದಲ್ಲಿ ಬದಲಿಸಬೇಕಾಗುತ್ತದೆ.